ಎರಡು ಕೈ ಬೇಡುವ ಚಾಕು

ಕಾರ್ಲೊಫೋರ್ಟೆ
12 ಫೆಬ್ರವರಿ 1984

ಅಪ್ಪನಿಗೆ,

ಮೊದಲು ನಿನ್ನ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿ ಮುಗಿಸುತ್ತೇನೆ. ಹೌದು, ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ. ಇಲ್ಲ, ಇನ್ನೂ ಏನೂ ವಿಶೇಷವಿಲ್ಲ, ಬೊನಾರಿಯಾ ಅತ್ತೆಗೆ ಉಣ್ಣೆ ಹೆಣೆಯುವುದನ್ನು ನಿಲ್ಲಿಸಲು ಹೇಳು. ಇಲ್ಲಿನ ಚೀಸ್ ಸೋಪಿನ ಹಾಗಿದೆ, ನೀನು ಕಳಿಸಿದ ಗಡ್ಡೆಯನ್ನು ಬೀಗ ಹಾಕಿ ಇಟ್ಟುಕೊಂಡಿದ್ದೇನೆ.

ಹೊಸ ಸುದ್ದಿಯೊಂದಿದೆ. ನಿನ್ನ ಅಳಿಯ ಬತ್ತಿಸ್ತಾನ ತಮ್ಮನಿಗೆ ಪ್ರಯಾಣಿಕರ ಹಡಗಿನಲ್ಲಿ ಕೆಲಸ ಸಿಕ್ಕಿತು. ನಮ್ಮ ಮೀನುದೋಣಿಗೆ ಎರಡನೆಯ ಆಳು ಬೇಕಿತ್ತು. ಕೂಲಿಗೆ ಯಾರನ್ನಾದರೂ ಇಟ್ಟುಕೊಂಡರೆ ಉಳಿಯುವುದೇನೂ ಇಲ್ಲ. ಹೀಗಾಗಿ ಹೋದ ತಿಂಗಳಿನಿಂದ ನಾನೇ ಗಂಡನ ಜೊತೆ ಸಮುದ್ರಕ್ಕೆ ಹೋಗುತ್ತಿದ್ದೇನೆ. ಮೊದಲ ವಾರ ಬರೀ ವಾಂತಿ. ಈಗ ಬಲೆ ಬಿಡುತ್ತೇನೆ, ಎಳೆಯುತ್ತೇನೆ, ಬಯ್ಯುವುದನ್ನೂ ಕಲಿತಿದ್ದೇನೆ. ನೀನು ಮುಖ ಸಿಂಡರಿಸುವುದು ಇಲ್ಲಿಂದಲೇ ಕಾಣುತ್ತಿದೆ.

ಕಾಗದ ಬರೆಯುತ್ತಿರುವುದು ಚಾಕುವಿನ ವಿಷಯಕ್ಕೆ. ಮದುವೆಗೆ ನೀನು ಮಾಡಿಕೊಟ್ಟ ಮಡಚುವ ಚಾಕು ಯಾವಾಗಲೂ ನನ್ನ ಜೇಬಿನಲ್ಲಿದೆ. ಆ ಟಗರಿನ ಕೊಂಬಿನ ಹಿಡಿ ನೋಡಿ ಬಂದರಿನಲ್ಲಿ ಎಲ್ಲರೂ ಬಾಯಿ ಬಿಡುತ್ತಾರೆ. ಬತ್ತಿಸ್ತಾ ಮಾತ್ರ, "ಇದು ಚಾಕು ಅಲ್ಲ ಕಣೇ, ಒಡವೆ. ಕಿವಿಗೆ ನೇತು ಹಾಕ್ಕೋ" ಎಂದು ಛೇಡಿಸುತ್ತಾನೆ. ತಮಾಷೆಯಾದರೂ ಸುಳ್ಳಲ್ಲ, ಅಪ್ಪ. ಉಪ್ಪುನೀರು ಕೀಲಿನೊಳಗೆ ಇಳಿದು ಬಿಗಿದುಕೊಳ್ಳುತ್ತದೆ. ಒದ್ದೆ ಕೈಗೆ ಉಗುರಿಡುವ ಗೀರು ಸಿಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ತೆರೆಯಲು ಎರಡು ಕೈ ಬೇಕು. ದೋಣಿಯಲ್ಲಿ ಎರಡೂ ಕೈ ಬಿಡುವಾಗಿರುವ ಗಳಿಗೆಯೇ ಇರುವುದಿಲ್ಲ. ಒಂದು ಕೈ ಸದಾ ಏನನ್ನಾದರೂ ಹಿಡಿದಿರಬೇಕು.

ಇಲ್ಲಿ ಎಲ್ಲರೂ ಸೊಂಟಕ್ಕೆ ಒರೆಯಲ್ಲಿ ಮಡಚದ ಚಾಕು ಕಟ್ಟುತ್ತಾರೆ. ಬಂದರಿನ ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ನಾನು ಕೊಳ್ಳಲಾರೆ. ಅಣ್ಣ ದಿಯೇಗುವಿನ ಹೆಣದ ಮುಂದೆ ರೊಟ್ಟಿ ಮುಟ್ಟಿಸಿ ನೀನು ನಮ್ಮೆಲ್ಲರಿಂದ ಆಣೆ ಹಾಕಿಸಿಕೊಂಡೆಯಲ್ಲ, ಈ ಮನೆಯವರ ಸೊಂಟದಲ್ಲಿ ಮಡಚದ ಚಾಕು ಇರಬಾರದು ಎಂದು. ಆಗ ನನಗೆ ಹದಿನಾರು. ಹುಡುಗಿಯ ಸೊಂಟಕ್ಕೆ ಚಾಕು ಬರುತ್ತದೆಂದು ನೀನೂ ಅಂದುಕೊಂಡಿರಲಿಲ್ಲ, ನಾನೂ ಅಂದುಕೊಂಡಿರಲಿಲ್ಲ. ಆದರೂ ಆಣೆ ಆಣೆಯೇ. ನನ್ನನ್ನು ಅದರಿಂದ ಬಿಡಿಸು. ಆದರೆ ನೀನೇ ಒಂದು ಮಾಡಿಕೊಡು. ನಿನ್ನ ಕೈಯಿಂದ ಬಂದರೆ ಅಣ್ಣನಿಗೂ ಬೇಸರವಾಗುವುದಿಲ್ಲ ಎನಿಸುತ್ತದೆ.

ನಿನ್ನ ಮಗಳು,
ಇಟ್ರಿಯಾ


ಪಟ್ಟಾಡಾ
26 ಫೆಬ್ರವರಿ 1984

ಇಟ್ರಿಯಾ,

ನಿನ್ನ ಕಾಗದ ಓದಿ ಅರ್ಧ ದಿನ ಕುಲುಮೆ ಹೊತ್ತಿಸಲಿಲ್ಲ. ನನ್ನ ಮಗಳು ಸಮುದ್ರಕ್ಕೆ! ನಾವು ಬೆಟ್ಟದ ಜನ. ನಮ್ಮ ಕಡೆ ನೀರು ಬಾವಿಯಲ್ಲಿರುತ್ತದೆ, ಹೆಚ್ಚೆಂದರೆ ಕುರಿ ತೊಟ್ಟಿಯಲ್ಲಿ. ಆ ಮೀನುಗಾರ ಮದುವೆಗೆ ಬಂದಾಗ ಏನಂದ, ನೆನಪಿದೆಯೇ? "ಮಾವ, ನಿಮ್ಮ ಮಗಳನ್ನ ರಾಣಿ ಥರ ನೋಡ್ಕೋತೀನಿ." ರಾಣಿ ಈಗ ಬಲೆ ಎಳೆಯುತ್ತಿದ್ದಾಳೆ. ಅವನಿಗೆ ಹೇಳು, ಒಡವೆ ಎಂದನಲ್ಲ, ಅಂಥದೇ ಒಡವೆಯಿಂದ ನನ್ನ ಅಪ್ಪ ನಲವತ್ತು ವರ್ಷ ಕುರಿ ಸುಲಿದ, ಮರದ ತೊಗಟೆ ಎಬ್ಬಿಸಿದ, ಮೇಕೆಯ ಗೊರಸು ಸರಿ ಮಾಡಿದ, ಕೊನೆಗೆ ಅದರಲ್ಲೇ ರೊಟ್ಟಿ ಕೊಯ್ದು ಉಂಡ. ಮಡಚಿ ಜೇಬಿಗೆ ಹಾಕಿ ಕತ್ತೆಯ ಮೇಲಿಂದ ಬಿದ್ದರೂ ತೊಡೆಗೆ ಗೀರು ಬೀಳುತ್ತಿರಲಿಲ್ಲ. ಗಟ್ಟಿ ಕೆಲಸಕ್ಕೆ ಅದು ಸಾಲದೆನ್ನುವವನಿಗೆ ಗಟ್ಟಿ ಕೆಲಸವೇ ಗೊತ್ತಿಲ್ಲ.

ಕೀಲು ಬಿಗಿಯುತ್ತದೆ ಎಂದೆ. ಅದಕ್ಕೆ ಔಷಧವಿದೆ. ತುಕ್ಕು ಹಿಡಿಯದ ಉಕ್ಕಿನಲ್ಲಿ ಇನ್ನೊಂದು ಮಾಡುತ್ತೇನೆ, ಕೀಲಿಗೆ ಹಿತ್ತಾಳೆ, ತೆರೆದ ಮೇಲೆ ಅಲಗು ಬೆರಳ ಮೇಲೆ ಮಡಚಿ ಬೀಳದ ಹಾಗೆ ಹಿಂದೆ ಒಂದು ತಡೆ. ಇಂಥದ್ದನ್ನು ನಮ್ಮೂರಿನಲ್ಲಿ ಯಾರೂ ಮಾಡಿಲ್ಲ.

ಎರಡು ಕೈ ಬೇಕು ಎಂದೆ. ಬೇಕು, ಹಾಗೆ ಬೇಕೆಂದೇ ಮಾಡುವುದು. ಒಂದು ಕೈ ಹಿಡಿಗೆ, ಒಂದು ಕೈ ಅಲಗಿಗೆ. ಜಗಳದಲ್ಲಿ ಎರಡೂ ಕೈ ಚಾಕುವಿಗೆ ಹೋದರೆ ಎದುರಿನವನ ಅಂಗಿಯನ್ನು ಬಿಡಲೇಬೇಕು. ಅಂಗಿ ಬಿಟ್ಟನೆಂದರೆ ಅರ್ಧ ಜಗಳ ಮುಗಿಯಿತು, ಅಷ್ಟರಲ್ಲಿ ನಡುವೆ ಯಾರಾದರೂ ಬರುತ್ತಾರೆ, ಅವನಿಗೇ ಬುದ್ಧಿ ಬರುತ್ತದೆ. ಅವತ್ತು ಆ ಪ್ರೆದು ನಿನ್ನ ಅಣ್ಣನ ಕೊರಳಪಟ್ಟಿಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಬಲಗೈಯಲ್ಲಿ ಸೊಂಟದಿಂದ ಎಳೆದ. ಹಂದಿ ಚುಚ್ಚುವ ಚಾಕು, ಮಡಚದ್ದು. ಹಿಡಿದ ಕೈ ಬಿಡಬೇಕಾಗಲಿಲ್ಲ. ಬಿಡಬೇಕಾಗಿ ಬಂದಿದ್ದರೆ ದಿಯೇಗು ಇವತ್ತು ಈ ಕುಲುಮೆಯಲ್ಲಿ ನನ್ನ ಮೇಲೆ ರೇಗುತ್ತಾ ತಿದಿ ಒತ್ತುತ್ತಿದ್ದ.

ಅದಕ್ಕೇ ಹೇಳುತ್ತೇನೆ, ನಾನು ಬಿಡಿಸುವುದಿಲ್ಲ. ಕೇಳಬೇಡ.

ನಿನ್ನಪ್ಪ,
ಬಕೀಸಿಯೊ

ಬೊನಾರಿಯಾ ಪಕ್ಕದಲ್ಲಿ ನಿಂತು ಇಣುಕುತ್ತಿದ್ದಾಳೆ. "ಹುಡುಗಿಗೆ ಅಷ್ಟು ಖಾರವಾಗಿ ಬರೀಬೇಡ, ಅವಳೂ ನಿನ್ನ ಹಾಗೇ ಮೊಂಡಿ" ಎನ್ನುತ್ತಾಳೆ. ಉಣ್ಣೆ ಹೆಣೆಯುವುದನ್ನು ನಿಲ್ಲಿಸಿಲ್ಲ.


ಕಾರ್ಲೊಫೋರ್ಟೆ
1 ಏಪ್ರಿಲ್ 1984

ಅಪ್ಪ,

ಹೊಸ ಚಾಕು ಬಂತು. ಎಷ್ಟು ಚೆನ್ನಾಗಿದೆಯೆಂದರೆ ಬಯ್ಯಲು ಬಾಯಿ ಬರುತ್ತಿಲ್ಲ. ಉಪ್ಪುನೀರಿನಲ್ಲಿ ನೆನೆಸಿಟ್ಟೆ, ಏನೂ ಆಗಲಿಲ್ಲ. ತಡೆ ಟಕ್ಕೆಂದು ಕೂರುತ್ತದೆ. ಬತ್ತಿಸ್ತಾ ಅದನ್ನು ಹತ್ತು ಸಲ ತೆರೆದು ಮುಚ್ಚಿ, "ನಿಮ್ಮಪ್ಪ ರಾಕ್ಷಸ ಕಣೇ. ಮೀನುಗಾರನಾಗಿ ಹುಟ್ಟಿದ್ರೆ ನಮ್ಮನ್ನೆಲ್ಲ ಮನೇಲಿ ಕೂರಿಸ್ತಿದ್ದ" ಎಂದ. ಇದು ಹೊಗಳಿಕೆ, ಸಿಟ್ಟಾಗಬೇಡ.

ಆದರೂ ಇದಕ್ಕೂ ಎರಡು ಕೈಯೇ ಬೇಕು. ತಡೆ ಇರುವುದರಿಂದ ಮೊದಲಿನದಕ್ಕಿಂತ ಬಿಗಿ. ದಡದಲ್ಲಿ ಕಟ್ಟಿದ ದೋಣಿಯ ಮೇಲೆ ನಿಂತು, ಎಡಗೈಯಲ್ಲಿ ಅಂಚು ಹಿಡಿದು, ಬಲಗೈ ಒಂದರಿಂದಲೇ ತೆರೆಯಲು ನೋಡಿದೆ. ಆಗಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದೆ, ಹಲ್ಲಿನ ಒಂದು ಚೂರು ಹೋಯಿತು. ಸಣ್ಣ ಚೂರು, ನಕ್ಕರೆ ಕಾಣುವುದಿಲ್ಲ. ಕೀಲನ್ನು ಸ್ವಲ್ಪ ಸಡಿಲ ಮಾಡಿಕೊಡುತ್ತೀಯಾ?

ಸಿಗಡಿಯ ಕಾಲ ಶುರುವಾಗಿದೆ. ದೊಡ್ಡ ಕೊಂಬಿನ ಸಿಗಡಿ, ತಳದ ಬಂಡೆಗಳಲ್ಲಿ ಇರುತ್ತದೆ, ಬಲೆಗೆ ಕಲ್ಲು ಕಟ್ಟಿ ಇಳಿಸಬೇಕು. ದೋಣಿ ಮುಂದೆ ಹೋಗುತ್ತಿರುತ್ತದೆ, ಹಗ್ಗ ಹಿಂದೆ ಓಡುತ್ತಿರುತ್ತದೆ. ಮೊನ್ನೆ ಓಡುವ ಹಗ್ಗದ ಒಂದು ಸುತ್ತು ಬತ್ತಿಸ್ತಾನ ಬೂಟಿಗೆ ಬಿತ್ತು. ಬೂಟು ದೊಗಳೆಯಾಗಿತ್ತು, ಕಾಲಿಂದ ಕಳಚಿ ಸಮುದ್ರಕ್ಕೆ ಹೋಯಿತು. ಅವನು ಬರಿಗಾಲಲ್ಲಿ ಕುಂಟುತ್ತಾ ಕುಣಿದ, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಸೂಪು ಬಡಿಸುತ್ತಾ ಅರ್ಧ ಚೆಲ್ಲಿದೆ. ಬೂಟು ಬಿಗಿಯಾಗಿದ್ದಿದ್ದರೆ?

ಅಣ್ಣನ ವಿಷಯ ನೀನು ಬರೆದದ್ದನ್ನು ಓದಿದೆ. ನಾನೂ ಮರೆತಿಲ್ಲ. ಆದರೆ ನಾನು ಕೇಳುತ್ತಿರುವುದು ಜಗಳದ ಚಾಕು ಅಲ್ಲ. ಗಿಡ್ಡದ್ದು, ಅಗಲದ್ದು, ಹಗ್ಗ ಕೊಯ್ಯುವಂಥದ್ದು. ಮೊನೆ ಕೂಡ ಬೇಕಾಗಿಲ್ಲ. ಯೋಚಿಸು, ಅಪ್ಪ. ನಿನ್ನ ಅಪ್ಪಣೆಯಿಲ್ಲದೆ ನಾನು ಕಟ್ಟುವುದಿಲ್ಲ, ಅದಕ್ಕೇ ಮತ್ತೆ ಮತ್ತೆ ಪೀಡಿಸುತ್ತಿದ್ದೇನೆ.

ಇಟ್ರಿಯಾ


ಪಟ್ಟಾಡಾ
15 ಏಪ್ರಿಲ್ 1984

ಇಟ್ರಿಯಾ,

ಕೀಲು ಸಡಿಲ ಮಾಡುವುದಿಲ್ಲ. ಸಡಿಲವಾದ ಚಾಕು ಜೇಬಿನಲ್ಲೇ ತೆರೆದುಕೊಳ್ಳುತ್ತದೆ. ಗೊತ್ತಿದ್ದೂ ಗೊತ್ತಿದ್ದೂ ಹಾಳು ಕೆಲಸ ಮಾಡಿಕೊಡು ಎಂದರೆ ಹೇಗೆ? ದಿನಾ ಬೆಳಿಗ್ಗೆ ಇಪ್ಪತ್ತು ಸಲ ತೆರೆದು ಮುಚ್ಚು. ತಿಂಗಳಲ್ಲಿ ಕೈಗೆ ಹತ್ತುತ್ತದೆ. ಹಲ್ಲಿಗೆ ಇನ್ನೆಂದೂ ಕೊಡಬೇಡ, ನಿನ್ನ ಅಮ್ಮನ ಹಲ್ಲು ಅವು.

ಬೂಟು ದೊಗಳೆಯದ್ದೇ ಹಾಕಿಕೊಳ್ಳಿ, ಇಬ್ಬರೂ.

ಉಳಿದದ್ದಕ್ಕೆ ಉತ್ತರ ಕೊಟ್ಟಾಗಿದೆ. ಈಸ್ಟರಿಗೆ ಬರುತ್ತೀರಾ? ಕುರಿಮರಿ ಹೇಳಿಟ್ಟಿದ್ದೇನೆ.

ಅಪ್ಪ


ಕಾರ್ಲೊಫೋರ್ಟೆ
20 ಮೇ 1984

ಅಪ್ಪನಿಗೆ,

ಈಸ್ಟರಿಗೆ ಬರಲಾಗಲಿಲ್ಲ, ಹವೆ ಚೆನ್ನಾಗಿತ್ತು, ಬಲೆ ಬಿಡಲೇಬೇಕಿತ್ತು.

ಹತ್ತು ದಿನದ ಹಿಂದೆ ಬತ್ತಿಸ್ತಾನ ಕಾಲಿಗೆ ಹಗ್ಗ ಸುತ್ತಿಕೊಂಡಿತು. ಹಗ್ಗ ಕತ್ತರಿಸಿದೆ. ಪಾದದ ಮೇಲೆ ಮೂಳೆ ಮುರಿದಿದೆ, ಆಸ್ಪತ್ರೆಯಲ್ಲಿ ಕಬ್ಬಿಣ ಹಾಕಿ ಕೂರಿಸಿದ್ದಾರೆ. ನಡೆಯುತ್ತಾನಂತೆ, ಪಾದ ಮೊದಲಿನಂತೆ ಬಾಗುವುದಿಲ್ಲವಂತೆ. ಜೀವಕ್ಕೆ ಏನೂ ಅಪಾಯವಿಲ್ಲ.

ನಿನ್ನ ಚಾಕುವಿನಲ್ಲೇ ಕತ್ತರಿಸಿದ್ದು. ಒಳ್ಳೆಯ ಹರಿತವಿತ್ತು.

ಅತ್ತೆಗೆ ನಮಸ್ಕಾರ.

ಇಟ್ರಿಯಾ


ಪಟ್ಟಾಡಾ
3 ಜೂನ್ 1984

ನನ್ನ ಬಂಗಾರಿ,

ಕಾಗದ ಓದಿ ಜೀವ ಬಾಯಿಗೆ ಬಂತು, ಆಮೇಲೆ ಕುಣಿಯುವಂತಾಯಿತು. ಅಳಿಯನ ಕಾಲಿಗೆ ಆದದ್ದಕ್ಕೆ ನೋವಿದೆ, ಇಲ್ಲವೆನ್ನುವುದಿಲ್ಲ. ಆದರೆ ಮೂಳೆ ಕೂಡಿಕೊಳ್ಳುತ್ತದೆ. ಗಂಡ ಮನೆಯಲ್ಲಿದ್ದಾನಲ್ಲ! ಬೊನಾರಿಯಾ ಚರ್ಚಿಗೆ ಹೋಗಿ ದೊಡ್ಡ ಮೇಣದಬತ್ತಿ ಹಚ್ಚಿದಳು, ನಾನೂ ಒಳಗೆ ಹೋಗಿ ಟೊಪ್ಪಿಗೆ ತೆಗೆದೆ. ಪಾದ್ರಿ ನನ್ನನ್ನು ನೋಡಿ ಬೆಚ್ಚಿಬಿದ್ದರು.

ಹೇಳಿರಲಿಲ್ಲವೇ ನಾನು? ಕತ್ತರಿಸಿತು ತಾನೇ! ಕಲ್ಲು ಜಗ್ಗುವ ಒದ್ದೆ ಹಗ್ಗ, ಒಂದೇ ಎಳೆತಕ್ಕೆ! ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಇಡೀ ವೈನ್ ಅಂಗಡಿಗೆ ಓದಿ ಹೇಳಿದೆ. ಎದುರು ಕುಲುಮೆಯವನು, "ಮಡಚೋ ಚಾಕು ಸಮುದ್ರಕ್ಕೆ ಆಗಲ್ಲ ಅಂತಾರಲ್ಲ" ಎಂದು ಮೂಗು ಮುರಿದ. "ನನ್ನ ಮಗಳನ್ನ ಕೇಳು ಹೋಗು" ಎಂದೆ. ಎಲ್ಲರಿಗೂ ಒಂದೊಂದು ಲೋಟ ನನ್ನದೇ ಖರ್ಚು. ದಿಯೇಗು ಹೋದ ಮೇಲೆ ನಾನು ಆ ಅಂಗಡಿಯಲ್ಲಿ ಕೂತು ನಕ್ಕದ್ದು ಅವತ್ತೇ ಎಂದು ಬೊನಾರಿಯಾ ಹೇಳುತ್ತಾಳೆ. ನನಗೆ ಲೆಕ್ಕವಿಲ್ಲ.

ಹೇಗಾಯಿತು, ಎಷ್ಟು ಬೇಗ ತೆರೆಯಿತು, ಎಲ್ಲ ವಿವರವಾಗಿ ಬರೆ. ಇಂಥದ್ದನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆಯೇ?

ನಿನ್ನಪ್ಪ


ಪಟ್ಟಾಡಾ
14 ಜೂನ್ 1984

ಇಟ್ರಿಯಾ,

ಉತ್ತರವಿಲ್ಲ. ಅಂಚೆಯವನನ್ನು ದಿನಾ ಬಾಗಿಲಲ್ಲಿ ತಡೆದು ಕೇಳುತ್ತಿದ್ದೇನೆ, ಅವನೀಗ ಬೇರೆ ಬೀದಿಯಿಂದ ಹೋಗುತ್ತಾನೆ. ಅಳಿಯನ ಕಾಲು ಕೀವಾಯಿತೇ? ನಿನಗೇನಾದರೂ ಆಗಿದೆಯೇ? ಒಂದು ಸಾಲು ಬರೆ.

ಅಪ್ಪ


ಕಾರ್ಲೊಫೋರ್ಟೆ
22 ಜೂನ್ 1984

ಮಾವನವರಿಗೆ ಬತ್ತಿಸ್ತಾನ ನಮಸ್ಕಾರ.

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಬರೆಯುತ್ತಿರುವುದು ಇಟ್ರಿಯಾಗೆ ಗೊತ್ತಿಲ್ಲ. ನಿಮ್ಮ ಎರಡೂ ಕಾಗದ ಬಂದಿವೆ. ಮೊದಲಿನದನ್ನು ಅವಳು ಅಡುಗೆಮನೆಯಲ್ಲಿ ನಿಂತು ಓದಿದಳು. ಓದಿ ಮಡಚಿ ಒಲೆಯ ಪಕ್ಕದಲ್ಲಿಟ್ಟಳು, ಇವತ್ತಿಗೂ ಅಲ್ಲೇ ಇದೆ.

ಆದದ್ದು ಹೀಗೆ. ಬಲೆ ಇಳಿಯುತ್ತಿತ್ತು. ಹಗ್ಗ ನನ್ನ ಕಾಲಿಗೆ ಬಿಗಿಯಿತು, ಕಲ್ಲಿನ ಭಾರಕ್ಕೆ ದೋಣಿಯ ಹಿಂದಂಚಿಗೆ ಎಳೆದುಕೊಂಡು ಹೋಯಿತು. ನನ್ನ ಚಾಕು ಮುಂದೆ ಹಲಗೆಯ ಮೇಲೆ ಬಿಟ್ಟಿದ್ದೆ, ಮೀನು ಕತ್ತರಿಸುತ್ತಿದ್ದೆ ಸ್ವಲ್ಪ ಮುಂಚೆ. ತಪ್ಪು ನನ್ನದು. ಅವಳು ಎಂಜಿನ್ ನಿಲ್ಲಿಸಿ ಓಡಿ ಬಂದು ನನ್ನ ಕೈ ಹಿಡಿದಳು. ಗಟ್ಟಿ ಹಿಡಿತ. ನನ್ನ ಅರ್ಧ ಮೈ ಹೊರಗಿತ್ತು. ಇನ್ನೊಂದು ಕೈಯಲ್ಲಿ ಜೇಬಿನಿಂದ ಚಾಕು ತೆಗೆದಳು. ತೆರೆಯಲಾಗಲಿಲ್ಲ. ತೊಡೆಗೆ ಒತ್ತಿ ನೋಡಿದಳು, ಹಲ್ಲಿಗೆ ಹಾಕಿದಳು. ಆಮೇಲೆ ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈ ಬಿಟ್ಟಳು.

ನಾನು ಹೊರಕ್ಕೆ ಬಿದ್ದೆ. ಅಂಚಿನ ಕಬ್ಬಿಣಕ್ಕೆ ಕೋಟು ಸಿಕ್ಕಿಕೊಂಡಿದ್ದರಿಂದ ತಳಕ್ಕೆ ಹೋಗಲಿಲ್ಲ, ಆದರೆ ತಲೆಯೂ ನೀರಿನೊಳಗಿತ್ತು. ಅವಳು ಸೊಂಟದವರೆಗೆ ಹೊರಗೆ ಬಾಗಿ ನೀರಿನಲ್ಲಿ ಕೈ ಹಾಕಿ ಕತ್ತರಿಸಿದಳು. ಅದು ನಿಜ, ಒಂದೇ ಎಳೆತ.

ಎರಡು ಕೈ ಬೇಕಾದದ್ದಕ್ಕೆ ಬಿಟ್ಟಳು ಎಂದು ನನಗೆ ಆಗಲೇ ಗೊತ್ತಿತ್ತು, ಮಾವ. ಅವಳು ನಂಬುವುದಿಲ್ಲ. "ನನ್ನ ಸಮಾಧಾನಕ್ಕೆ ಹೇಳ್ತೀಯ" ಅಂತಾಳೆ. ಅವತ್ತಿನಿಂದ ನಮ್ಮಮ್ಮನ ಕೋಣೆಯಲ್ಲಿ ಮಲಗುತ್ತಾಳೆ. ಊಟ ಬಡಿಸುತ್ತಾಳೆ, ಕಾಲಿಗೆ ಪಟ್ಟಿ ಕಟ್ಟುತ್ತಾಳೆ. ಏಳುವಾಗ ನಾನು ಕೈ ಚಾಚಿದರೆ ಕೋಲು ತಂದು ಕೊಡುತ್ತಾಳೆ. ಕೈ ಕೊಡುವುದಿಲ್ಲ. ಬಂದರಿನಲ್ಲಿ ಜನ, "ನಿನ್ನ ಹೆಂಡತಿ ಗಂಡೆದೆಯವಳಯ್ಯ" ಎಂದು ಹೊಗಳಿದರೆ ಅವಳು ಒಳಗೆ ಎದ್ದು ಹೋಗುತ್ತಾಳೆ.

ನಾನು ಇನ್ನೆರಡು ತಿಂಗಳಲ್ಲಿ ದೋಣಿ ಹತ್ತಬೇಕು. ಅವಳಿಲ್ಲದೆ ಆಗುವುದಿಲ್ಲ, ಬೇರೆ ಆಳು ಸಿಗುವುದಿಲ್ಲವೆಂದು ಈ ಮಾತು ಹೇಳುತ್ತಿಲ್ಲ. ಮನೆಯಲ್ಲಿ ಹೀಗೆ ಇರಲಾರೆ. ಅವಳಿಗೆ ಏನಾದರೂ ಬರೆಯಿರಿ. ನನ್ನ ಮಾತು ಕೇಳುವುದಿಲ್ಲ, ನಿಮ್ಮದು ಕೇಳುತ್ತಾಳೆ. ಕೇಳಿದ್ದಕ್ಕೇ ಇಷ್ಟೆಲ್ಲ ಆಯಿತು.

ನಿಮ್ಮನ್ನು ದೂರಬೇಕೆಂದು ಹೀಗೆ ಬರೆದೆನೋ ಏನೋ. ಇರಲಿ, ಬರೆದದ್ದನ್ನು ಹೊಡೆದು ಹಾಕುವುದಿಲ್ಲ. ಈ ಹಾಳೆಯ ಹಿಂದೆ ನನ್ನ ಚಾಕುವನ್ನು ಇಟ್ಟು ಸುತ್ತ ಗೆರೆ ಎಳೆದಿದ್ದೇನೆ. ನಾವು ಕಟ್ಟುವುದು ಇಂಥದ್ದು.

ನಿಮ್ಮ ಅಳಿಯ,
ಬತ್ತಿಸ್ತಾ


ಪಟ್ಟಾಡಾ
8 ಜುಲೈ 1984

ಇಟ್ರಿಯಾ,

ನಿನ್ನ ಗಂಡ ಬರೆದಿದ್ದಾನೆ. ಅವನ ಮೇಲೆ ರೇಗಬೇಡ.

ಕಾಗದದ ಹಿಂದೆ ಅವನು ಎಳೆದ ಗೆರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಗಿಡ್ಡ, ಅಗಲ, ತುದಿಯಲ್ಲಿ ಮೊನೆಯೇ ಇಲ್ಲ, ಕೊಯ್ದು ಹಾಕಿದ ಹಾಗೆ ಚಪ್ಪಟೆ. ಅದರಿಂದ ಮನುಷ್ಯನನ್ನಿರಲಿ, ಚೀಸನ್ನೂ ಚುಚ್ಚಲಾಗದು. ನೀನು ಇಷ್ಟನ್ನೇ ಕೇಳಿದ್ದೆ. ಏಪ್ರಿಲಿನ ಕಾಗದ ತೆಗೆದು ನೋಡಿದೆ, ಬರೆದಿದ್ದೀಯ, ಮೊನೆ ಕೂಡ ಬೇಕಾಗಿಲ್ಲ ಎಂದು. ಓದಿದ್ದೆ. ಆದರೆ ಮಡಚದ ಚಾಕು ಎಂದ ಕೂಡಲೇ ನನ್ನ ಕಣ್ಣಿಗೆ ಬರುವುದು ಒಂದೇ ಚಾಕು. ಅದು ಬಂದರೆ ಮುಂದಿನ ಸಾಲು ಕಾಣುವುದಿಲ್ಲ. ಏಳು ವರ್ಷದಿಂದ ಹಾಗೆಯೇ ಇದ್ದೇನೆ.

ಬೊನಾರಿಯಾಗೆ ಅಳಿಯನ ಕಾಗದ ಓದಿ ಹೇಳಿದೆ. ಅವಳು ಕೈಯಲ್ಲಿದ್ದ ಉಣ್ಣೆ ಕೆಳಗಿಟ್ಟು ಕೇಳಿದಳು:

"ಬಕೀಸಿಯೊ, ಒಂದು ಮಾತು ಕೇಳ್ತೀನಿ, ಸುತ್ತಿಗೆ ಎಸೀಬೇಡ. ಪ್ರೆದು ಹತ್ರ ಮಡಚೋ ಚಾಕು ಇದ್ದಿದ್ರೆ ನಮ್ಮ ಹುಡುಗ ಉಳೀತಿದ್ದ ಅಂತ ನಿಜವಾಗ್ಲೂ ಅನ್ಸುತ್ತಾ ನಿಂಗೆ?"

"ಉಳೀತಿದ್ದ" ಎಂದೆ.

"ಅವನು ಮನೆಯಿಂದ್ಲೇ ಕೊಲ್ಲೋಕೆ ಅಂತ ಹೊರಟು ಬಂದಿದ್ದ ಕಣೋ. ಎರಡು ಬೀದಿ ದಾಟಿ ಬಂದ. ದಾರೀಲೇ ತೆರ್ಕೊಂಡು ಬರ್ತಿದ್ದ."

ನಾನು ಸುತ್ತಿಗೆ ಎಸೆಯಲಿಲ್ಲ. ಅವಳು ಹೇಳಿದ್ದು ನನಗೆ ಗೊತ್ತಿರದ ಮಾತೇನಲ್ಲ. ಆದರೆ ಆ ಎರಡು ಕೈಯ ಮಾತು ಒಂದಿತ್ತು ನನಗೆ, ಅದನ್ನು ಹಿಡಿದುಕೊಂಡು ದಿನಾ ಬೆಳಿಗ್ಗೆ ಕುಲುಮೆ ಹೊತ್ತಿಸುತ್ತಿದ್ದೆ. ನಾನು ಮಾಡುವ ಒಂದೊಂದು ಚಾಕುವೂ ಯಾರದೋ ಮಗನನ್ನು ಉಳಿಸುತ್ತಿದೆ ಎಂದುಕೊಳ್ಳುತ್ತಿದ್ದೆ. ಅದಿಲ್ಲದಿದ್ದರೆ ನಾನು ಬರೀ ಕಬ್ಬಿಣ ಬಡಿಯುವ ಮುದುಕ. ನಿನ್ನನ್ನು ಬಿಡಿಸಿದರೆ ಅದೂ ಹೋಗುತ್ತಿತ್ತು. ಅದನ್ನು ಉಳಿಸಿಕೊಳ್ಳಲು ಹೋಗಿ ನಿನ್ನನ್ನು ಅಲ್ಲಿ ಬರಿಗೈಯಲ್ಲಿ ನಿಲ್ಲಿಸಿದೆ.

ಈಗ ನಾನು ಹೇಳುವುದನ್ನು ಸರಿಯಾಗಿ ಕೇಳು. ಜಗಳದಲ್ಲಿ ಹಿಡಿದ ಕೈಯನ್ನು ಬಿಡಿಸಲೆಂದೇ ಮಾಡಿದ ಚಾಕು ಅದು. ನಾನೇ ನಿನಗೆ ಬರೆದಿದ್ದೆ, ಹೆಮ್ಮೆಯಿಂದ ಬರೆದಿದ್ದೆ. ಅದು ತನ್ನ ಕೆಲಸ ಮಾಡಿತು. ಬತ್ತಿಸ್ತಾನ ಕೈ ಬಿಟ್ಟವಳು ನೀನಲ್ಲ. ಬಿಟ್ಟವನು ನಾನು, ಇಲ್ಲಿ ಕುಲುಮೆಯ ಮುಂದೆ ಕೂತುಕೊಂಡು, ಏಪ್ರಿಲ್ ತಿಂಗಳಿನಲ್ಲೇ ಬಿಟ್ಟೆ. ಅದರ ಮೇಲೆ ವೈನ್ ಅಂಗಡಿಯಲ್ಲಿ ಕುಳಿತು ನಕ್ಕೆ, ಎಲ್ಲರಿಗೂ ಕುಡಿಸಿದೆ. ನೆನೆದರೆ ಮೈಯೆಲ್ಲ ಉರಿಯುತ್ತದೆ.

ಆಣೆ ಹಾಕಿಸಿಕೊಂಡವನು ನಾನು, ನಾನೇ ಬಿಡಿಸಿದ್ದೇನೆ. ದಿಯೇಗುವಿನ ಸಮಾಧಿಗೆ ಹೋಗಿ ಹೇಳಿ ಬಂದೆ. ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ, ಆಮೇಲೆ ಅಲ್ಲೇ ಕೂತಿದ್ದೆ.

ಇದರ ಜೊತೆಗೆ ಕಟ್ಟಿ ಕಳಿಸುತ್ತಿರುವುದು ನಾನು ಮಾಡಿದ ಮೊದಲ ಮಡಚದ ಚಾಕು. ಹಿಡಿಯ ಕೊನೆಯವರೆಗೂ ಒಂದೇ ಉಕ್ಕು, ಕೀಲಿಲ್ಲ, ಉಪ್ಪು ಕೂರುವ ಸಂದಿಲ್ಲ. ಕೊಂಬು ಒದ್ದೆಯಾದರೆ ಜಾರುತ್ತದೆ, ಅದಕ್ಕೆ ಆಲಿವ್ ಮರದ ಹಿಡಿ, ಅಡ್ಡ ಗೀರು ಹಾಕಿದ್ದೇನೆ. ಮೊನೆ ಇಲ್ಲ. ಒರೆಯನ್ನು ಎದೆಯ ಎಡಕ್ಕೆ ಹಿಡಿ ಕೆಳಗಾಗಿ ಕಟ್ಟಿಕೋ, ಯಾವ ಕೈಯಿಂದ ಎಳೆದರೂ ಬರುತ್ತದೆ. ನಾನು ಎಡಗೈಯಲ್ಲಿ ಕಂಬ ಹಿಡಿದುಕೊಂಡು ಬಲಗೈಯಲ್ಲಿ, ಆಮೇಲೆ ಬಲಗೈಯಲ್ಲಿ ಹಿಡಿದುಕೊಂಡು ಎಡಗೈಯಲ್ಲಿ ಎಳೆದು ನೋಡಿದೆ. ಬೊನಾರಿಯಾ ನೋಡಿ ನನಗೆ ಹುಚ್ಚು ಎಂದಳು.

ಅಷ್ಟು ಸುಲಭ ಇದು. ಫೆಬ್ರವರಿಯಲ್ಲೇ ಆಗುತ್ತಿತ್ತು.

ನಿನ್ನಪ್ಪ,
ಬಕೀಸಿಯೊ


ಕಾರ್ಲೊಫೋರ್ಟೆ
29 ಜುಲೈ 1984

ಅಪ್ಪ,

ಚಾಕು ಬಂತು. ನೀನು ಹೇಳಿದ ಹಾಗೇ ಕಟ್ಟಿಕೊಂಡಿದ್ದೇನೆ. ಬತ್ತಿಸ್ತಾ ಒರೆಯಿಂದ ಎಳೆದು ನೋಡಿ ಏನೂ ತಮಾಷೆ ಮಾಡಲಿಲ್ಲ, ಒರೆಸಿ ವಾಪಸ್ ಕೊಟ್ಟ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಬಿಟ್ಟವನು ನೀನು ಎಂದು ಬರೆದಿದ್ದೀಯ. ನಂಬಲು ತುಂಬ ನೋಡಿದೆ, ಆಗಲಿಲ್ಲ. ಯಾಕೆಂದು ಹೇಳುತ್ತೇನೆ, ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಅವನ ಭಾರಕ್ಕೆ ನಾನೂ ಅಂಚಿನ ಕಡೆ ಜಾರುತ್ತಿದ್ದೆ. ಚಾಕು ತೆರೆಯಬೇಕೆಂದು ಕೈ ಬಿಟ್ಟೆನೋ, ನಾನೂ ಹೋಗುತ್ತೇನೆಂದು ಹೆದರಿ ಬಿಟ್ಟೆನೋ, ನನಗೇ ತಿಳಿಯದು. ಎಷ್ಟು ಯೋಚಿಸಿದರೂ ಆ ಗಳಿಗೆ ಸಿಗುವುದಿಲ್ಲ. ಚಾಕು ತೆರೆದದ್ದು ನೆನಪಿದೆ, ಕೊಯ್ದದ್ದು ನೆನಪಿದೆ. ಬಿಟ್ಟದ್ದು ಮಾತ್ರ ಯಾಕೆಂದು ನೆನಪಿಲ್ಲ. ಇದನ್ನು ನೀನು ಹೊರಲಾರೆ, ಅಪ್ಪ. ನನ್ನದಾಗಿದ್ದರೆ ನನ್ನದೇ.

ನಿನ್ನ ಕಾಗದ ಬಂದ ಮೇಲೆ ಬತ್ತಿಸ್ತಾನಿಗೂ ಇದನ್ನು ಹೇಳಿಬಿಟ್ಟೆ. ಊಟಕ್ಕೆ ಕೂತಿದ್ದ. ಚಮಚ ಕೆಳಗಿಟ್ಟು, "ಹಾಗಾದ್ರೆ ನಂಗೂ ಗೊತ್ತಿಲ್ಲ" ಎಂದ. ಆಮೇಲೆ, "ರೊಟ್ಟಿ ಕೊಡು" ಎಂದ. ಕೊಟ್ಟೆ. ಅವನು ಸಿಟ್ಟಾಗಿದ್ದರೆ ಸುಲಭವಾಗುತ್ತಿತ್ತೇನೋ. ಅವನ ಅಮ್ಮನ ಕೋಣೆಯಿಂದ ನನ್ನ ಹಾಸಿಗೆ ಇನ್ನೂ ಎತ್ತಿಲ್ಲ.

ನಿನ್ನೆ ಮೊದಲ ಸಲ ದೋಣಿ ನೋಡಿಬರೋಣವೆಂದು ಇಬ್ಬರೂ ಬಂದರಿಗೆ ಹೋದೆವು. ಮೆಟ್ಟಿಲು ಪಾಚಿ ಕಟ್ಟಿದೆ. ಅವನು ಕೋಲೂರಿ ಮುಂದೆ ಇಳಿಯುತ್ತಿದ್ದ, ಬಾಗದ ಪಾದ ಜಾರಿತು. ನಾನು ಹಿಂದಿನಿಂದ ಅವನ ತೋಳು ಹಿಡಿದೆ. ಯೋಚನೆಯೇ ಮಾಡಲಿಲ್ಲ, ಹಿಡಿದಿದ್ದೆ ಅಷ್ಟೆ. ಅವನು ಸಾವರಿಸಿಕೊಂಡು ನಿಂತ.

"ಸಾಕು ಬಿಡೇ, ಕಾಲಿಗೆ ನೆಲ ಸಿಕ್ತು" ಎಂದ.

ಬಿಡಲಾಗಲಿಲ್ಲ, ಅಪ್ಪ. ಬೆರಳುಗಳೇ ಬಿಚ್ಚಲಿಲ್ಲ. ದೋಣಿಯನ್ನೂ ನೋಡದೆ ಹಾಗೇ ಮೆಟ್ಟಿಲು ಹತ್ತಿ, ಮೀನು ಮಾರುವವರ ನಡುವೆ, ಚರ್ಚಿನ ಮುಂದೆ, ಬೀದಿಯುದ್ದಕ್ಕೂ ನಡೆದೆವು. "ಏನೇ ಇಟ್ರಿಯಾ, ಗಂಡನ್ನ ಠಾಣೆಗೆ ಕರ್ಕೊಂಡು ಹೋಗ್ತಿದ್ದೀಯಾ?" ಎಂದು ಯಾರೋ ಕೂಗಿದರು, ಎಲ್ಲರೂ ನಕ್ಕರು. ಬತ್ತಿಸ್ತಾನೂ ನಕ್ಕ. ಅವನ ತೋಳಿನಲ್ಲಿ ನನ್ನ ಬೆರಳಿನ ಗುರುತು ಮೂಡಿತ್ತು, ಅವನು ಎಳೆದುಕೊಳ್ಳಲಿಲ್ಲ. ಮನೆಯವರೆಗೂ ನಾನು ಬಿಡಲಿಲ್ಲ. ಬಾಗಿಲನ್ನು ಅವನೇ ತೆರೆದ.

ನಿನ್ನ,
ಇಟ್ರಿಯಾ